ನನ್ನೊಳಗೆ ಒಂದಕ್ಷರವೂ ಇಲ್ಲ

ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಗೆ ಕನ್ನಡ ಅಕ್ಷರ ಒದಗಿಸುವ ಪ್ಯಾಕೇಜಿನ ಹೆಸರು ‘ಫಾಂಟ್ಸ್-ಕೆಎನ್‌ಡಿಎ’. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಅದು ನನ್ನ ಲ್ಯಾಪ್‌ಟಾಪಿಗೆ ಇಳಿಯುತ್ತಿತ್ತು. ಸಾಗರ ದಾಟಿದ್ದೇ ಸಿಗ್ನಲ್ ಹೋಯಿತು. ಮಾತಿಗೆ ಬೇಕಾದಷ್ಟು ಪುರಸೊತ್ತು ಸಿಕ್ಕಿತು.

ನಾನು: ನಮಸ್ಕಾರ. ನಿಮ್ಮೊಳಗೆ ಏನೇನಿದೆ?

ಪ್ಯಾಕೇಜ್: ಎಂತದೂ ಇಲ್ಲ ಮಾರಾಯ್ರೇ. ಒಂದಕ್ಷರವೂ ಇಲ್ಲ. ನಾನು ಮೆಟಾಪ್ಯಾಕೇಜ್. ‘ಗುಬ್ಬಿ, ನವಿಲು, ಲೋಹಿತ್ ಈ ಮೂರು ಫಾಂಟುಗಳನ್ನು ಕರೆತನ್ನಿ’ ಅಂತ ಬರೆದ ಚೀಟಿ, ಅಷ್ಟೇ.

ನಾನು: ಅಂದರೆ ಕನ್ನಡದ ಹೆಸರು ನಿಮ್ಮದು, ಕೆಲಸ ಬೇರೆಯವರದು.

ಪ್ಯಾಕೇಜ್: ನವೆಂಬರಿನಲ್ಲಿ ವೇದಿಕೆ ಮೇಲೆ ಕೂರುವವರನ್ನು ನೀವು ಹೀಗೆ ಕೇಳಿದ್ದು ನಾನಂತೂ ನೋಡಿಲ್ಲ.

ನಾನು: ಕೋಪ ಬೇಡ. ಇನ್ನೂ ಯಾಕೆ ಇನ್‌ಸ್ಟಾಲ್ ಆಗಿಲ್ಲ?

ಪ್ಯಾಕೇಜ್: ಆ ಮೂವರು ಬಂದು ಕೂರುವ ತನಕ ನಾನು ಕೂರುವ ಹಾಗಿಲ್ಲ. ಡಿಪೆಂಡೆನ್ಸಿ ಅನ್ನುತ್ತಾರೆ. ಗುಬ್ಬಿ ಇನ್ನೂ ಟವರ್ ಹುಡುಕುತ್ತಿದೆ.

ನಾನು: ಪ್ಯಾಕೇಜ್ ಮಾಡುವುದೆಂದರೆ ಫೈಲುಗಳನ್ನು ಗಂಟು ಕಟ್ಟುವುದು ತಾನೆ?

ಪ್ಯಾಕೇಜ್: ಸಾಗರದ ಅಡಿಕೆ ಮಂಡಿ ನೋಡಿದವರು ಕೇಳುವ ಮಾತಾ ಇದು? ರಾಶಿ, ಬೆಟ್ಟೆ, ಗೊರಬಲು ಎಲ್ಲ ಒಂದೇ ಚೀಲಕ್ಕೆ ತುಂಬಿದರೆ ಯಾರು ಕೊಳ್ಳುತ್ತಾರೆ? ನಮ್ಮಲ್ಲೂ ‘ಕಂಟ್ರೋಲ್’ ಫೈಲಿನಲ್ಲಿ ಹೆಸರು, ನೋಡಿಕೊಳ್ಳುವವರು ಯಾರು, ಯಾರ್ಯಾರನ್ನು ನೆಚ್ಚಿಕೊಂಡಿದೆ ಎಲ್ಲ ಬರೆಯಬೇಕು. ‘ಕಾಪಿರೈಟ್’ ಫೈಲಿನಲ್ಲಿ ಪರವಾನಗಿ. ‘ಚೇಂಜ್‌ಲಾಗ್’ನಲ್ಲಿ ಯಾವತ್ತು ಎಂತ ಬದಲಾಯಿತು ಅನ್ನುವುದು. ಹೊಸ ಪ್ಯಾಕೇಜಾದರೆ ಪರವಾನಗಿ ನೋಡುವವರ ಮುಂದೆ ಸರದಿ. ಪಾಸಾದರೆ ‘ಅನ್‌ಸ್ಟೇಬಲ್’. ಅಲ್ಲಿ ಕೆಲವು ದಿನ ದೊಡ್ಡ ದೋಷ ಕಾಣದಿದ್ದರೆ ‘ಟೆಸ್ಟಿಂಗ್’. ಸುಮಾರು ಎರಡು ವರ್ಷಕ್ಕೊಮ್ಮೆ ಅದನ್ನೇ ಗಟ್ಟಿಮಾಡಿ ‘ಸ್ಟೇಬಲ್’ ಅಂತ ಬಿಡುತ್ತಾರೆ. 2025ರ ಆಗಸ್ಟಿನಲ್ಲಿ ಬಂದ ‘ಟ್ರಿಕ್ಸಿ’ ಅನ್ನುವ ಸ್ಟೇಬಲ್‌ನಲ್ಲಿ ನಾವು ಪ್ಯಾಕೇಜುಗಳು 69 ಸಾವಿರಕ್ಕೂ ಹೆಚ್ಚು ಜನ.

ನಾನು: ಇಷ್ಟಕ್ಕೆಲ್ಲ ಸಂಬಳ?

ಪ್ಯಾಕೇಜ್: 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದಾಗಿನಿಂದ ಇದು ಸ್ವಯಂಸೇವಕರ ಮನೆ. ಸಂಬಳ ಇಲ್ಲ. ಬೈಗುಳ ಮಾತ್ರ ಧಾರಾಳ.

ನಾನು: ಬೇಸತ್ತು ಬಿಟ್ಟುಹೋದರೆ?

ಪ್ಯಾಕೇಜ್: ಪ್ಯಾಕೇಜ್ ಅನಾಥ ಅಂತ ಅಧಿಕೃತವಾಗಿಯೇ ಬರೆಯುತ್ತಾರೆ. ಅದು ಪರವಾಗಿಲ್ಲ, ಎಲ್ಲರಿಗೂ ತಿಳಿಯುತ್ತದೆ. ಬಿಡಲೂ ಆಗದೆ ಮಾಡಲೂ ಆಗದೆ ದಣಿದವರ ಕಥೆ ಕೇಳಿ. ಫೈಲು ಕುಗ್ಗಿಸುವ ‘ಎಕ್ಸ್‌ಜೆಡ್’ ತಂತ್ರಾಂಶವನ್ನು ವರ್ಷಗಟ್ಟಲೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಅಂತ ಹೆಸರು ಹೇಳಿಕೊಂಡು ಯಾರೋ ನೆರವಿಗೆ ಬಂದರು. ಎರಡು ವರ್ಷಕ್ಕೂ ಮಿಕ್ಕಿ ನಯವಾಗಿ ದುಡಿದು, ನಂಬಿಕೆ ಗಳಿಸಿ, 2024ರಲ್ಲಿ ಒಳಗೊಂದು ಕಳ್ಳಬಾಗಿಲು ಇಟ್ಟರು. ಅದು ಡೆಬಿಯನ್ ಟೆಸ್ಟಿಂಗ್‌ವರೆಗೂ ಬಂದಿತ್ತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಮೈಕ್ರೋಸಾಫ್ಟ್‌ನ ಆಂಡ್ರೆಸ್ ಫ್ರಾಯಿಂಡ್ ತಲೆಕೆಡಿಸಿಕೊಂಡದ್ದರಿಂದ ಸ್ಟೇಬಲ್ ಉಳಿಯಿತು. ನೀವು ಬಸ್ಸು ಅರ್ಧ ಗಂಟೆ ತಡವಾದರೂ ಯಾಕೆ ಅಂತ ಕೇಳುವವರಲ್ಲ.

(ಹೊಸನಗರ ಬಂತು. ಸಿಗ್ನಲ್ಲಿನ ಒಂದು ಗೀಟು ಮೂಡಿತು, ನವಿಲು ಇಳಿಯಿತು, ಗೀಟು ಮಾಯವಾಯಿತು.)

ನಾನು: ನಮ್ಮ ಸೀಮೆ ಹೇಗನ್ನಿಸಿತು?

ಪ್ಯಾಕೇಜ್: ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ, ಹೆಗ್ಗೋಡಿನ ನೀನಾಸಂ. ಅಕ್ಷರಕ್ಕೆ ಬರವೇ ಇಲ್ಲದ ಸೀಮೆ. ಬರೆದವರಿಗೆ ಜ್ಞಾನಪೀಠವೂ ಬಂತು, ಬರಲೇಬೇಕಿತ್ತು. ಕಂಪ್ಯೂಟರಿನಲ್ಲಿ ಅರ್ಕಾವೊತ್ತು ಸರಿಯಾದ ಜಾಗದಲ್ಲಿ ಕೂರುವಂತೆ ನೋಡಿಕೊಳ್ಳುವವರಿಗೆ ಮಾತ್ರ ಒಂದು ಲೋಟ ಕಷಾಯವೂ ಇಲ್ಲ. ಮನೆಮನೆಯ ಮಕ್ಕಳು ಬೆಂಗಳೂರಿನಲ್ಲಿ ಎಂಜಿನಿಯರುಗಳು. ಅವರ ಎಷ್ಟೋ ಸರ್ವರುಗಳಲ್ಲಿ ದುಡಿಯುವುದು ನಮ್ಮಂಥವರೇ. ಹಬ್ಬಕ್ಕೆ ಊರಿಗೆ ಬಂದಾಗ ಅವರು ಕೇಳುವುದು ವೈಫೈ ಪಾಸ್‌ವರ್ಡ್.

ನಾನು: ಈಗ ನಿಮ್ಮನ್ನು ನೋಡಿಕೊಳ್ಳುವವರು?

ಪ್ಯಾಕೇಜ್: ಡೆಬಿಯನ್ ಫಾಂಟ್ಸ್ ಟಾಸ್ಕ್ ಫೋರ್ಸ್. ಹೆಸರು ಕೇಳಿ ಹೆದರಬೇಡಿ, ಜೀಪು ಬರುವುದಿಲ್ಲ, ಇಮೇಲ್ ಬರುತ್ತದೆ.

ನಾನು: ಓದುಗರಿಗೆ ಏನು ಹೇಳುತ್ತೀರಿ?

ಪ್ಯಾಕೇಜ್: ಡೆಬಿಯನ್ನಿನಲ್ಲಿ ‘ರಿಪೋರ್ಟ್‌ಬಗ್’ ಅಂತ ಒಂದು ಸಲಕರಣೆ ಇದೆ. ಒತ್ತಕ್ಷರ ಒಡೆದು ಕಂಡರೆ ಕನ್ನಡಕ್ಕೆ ಅನ್ಯಾಯ ಅಂತ ಸ್ಟೇಟಸ್ ಹಾಕಬೇಡಿ. ಯಾವ ಫಾಂಟು, ಯಾವ ಆವೃತ್ತಿ, ಯಾವ ಅಕ್ಷರ ಅಂತ ಅದರಲ್ಲಿ ಬರೆದು ಕಳಿಸಿ. ತಿದ್ದಲು ಬರುವವರು ತಿದ್ದಿಯೇ ಕಳಿಸಿ.