ಆರು ಸೆಕೆಂಡಿನ ಕೊರತೆ: ಚಿಮ್ಮಡ ಸೀಮೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಸುಗ್ಗಿಯಲ್ಲಿ ಬಂದ ಬರಗಾಲದ ವಿವೇಚನೆ

1. ವಿಷಯ ಪ್ರವೇಶ

ಬಾಸ್ಕೆಟ್‌ಬಾಲಿನ ಚೆಂಡಿನ ವ್ಯಾಸ ಸುಮಾರು 24 ಸೆಂಟಿಮೀಟರ್. ಅದು ಹೋಗಿ ಬೀಳಬೇಕಾದ ರಿಂಗಿನ ಒಳವ್ಯಾಸ 45 ಸೆಂಟಿಮೀಟರ್. ಅಂದರೆ ಚೆಂಡು ಒಳಗೆ ಹೋಗುವುದಕ್ಕೆ ಜಾಗದ ಅಡಚಣೆ ಎಳ್ಳಷ್ಟೂ ಇಲ್ಲ. ಆದರೂ ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಎಂಬುದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ.

ಅಧ್ಯಯನಕ್ಕೆ ಆಯ್ದುಕೊಂಡದ್ದು ಚಿಮ್ಮಡ, ಜಗದಾಳ, ನಾವಲಗಿಗಳಿಂದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬರುವ ಹುಡುಗರ ಒಂದು ಕಾಲೇಜು ತಂಡವನ್ನು. ಕಾಲೇಜಿನ ಹೆಸರನ್ನು ಸಂಶೋಧನೆಯ ಶಿಷ್ಟಾಚಾರದಂತೆ ಗುಪ್ತವಾಗಿಟ್ಟಿದೆ; ಪ್ರಾಚಾರ್ಯರೂ ಕೈಮುಗಿದು ಅದನ್ನೇ ಕೋರಿದ್ದಾರೆ. ಆಗಸ್ಟ್ ತಿಂಗಳಲ್ಲಿ ಈ ತಂಡದವರು ಕಣ್ಣು ಮುಚ್ಚಿ ಎಸೆದರೂ ಚೆಂಡು ಒಳಗೆ ಬೀಳುತ್ತಿತ್ತು. ದೀಪಾವಳಿ ಮುಗಿದದ್ದೇ ತಡ, ಕಣ್ಣು ಬಿಟ್ಟು ಎಸೆದರೂ ಬೀಳದಾಯಿತು. ಕಡೆಕಡೆಗೆ ಎಸೆಯುವುದನ್ನೇ ಬಿಟ್ಟರು. ಕೈಗೆ ಬಂದ ಚೆಂಡನ್ನು ಐವರೂ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ, ಕಾಲ ಮೀರಿದ ಸೀಟಿಗಾಗಿ ಕಾಯುವ ಸ್ಥಿತಿಗೆ ತಲುಪಿದರು.

2. ದೇಶಕಾಲ ನಿರ್ಣಯ

ಚಿಮ್ಮಡವು ಪ್ರಭುಲಿಂಗೇಶ್ವರನ ಊರು. ದೇವರೂ ಊರೂ ಇದ್ದಲ್ಲೇ ಇದ್ದರೂ ಸುತ್ತಲಿನ ಆಡಳಿತ ಮಾತ್ರ ಓಡಾಡುತ್ತಲೇ ಇದೆ. ಪಟವರ್ಧನರ ಜಮಖಂಡಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಸೀಮೆ ಕನ್ನಡ ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಹುಟ್ಟಿತು. ಆಮೇಲೆ ರಬಕವಿ-ಬನಹಟ್ಟಿ ತಾಲೂಕೂ ಆಯಿತು. ವಿಶ್ವವಿದ್ಯಾಲಯದ ಕಥೆಯೂ ಇಷ್ಟೇ: ಮೊದಲು ಧಾರವಾಡ, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ, ಈಚೆಗೆ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ. ಇಷ್ಟೆಲ್ಲ ಸ್ಥಿತ್ಯಂತರಗಳ ನಡುವೆಯೂ ರಿಂಗಿನ ಎತ್ತರ 3.05 ಮೀಟರ್ ಇದ್ದದ್ದು ಹಾಗೆಯೇ ಇದೆ. ಆದ್ದರಿಂದ ‘ಆಡಳಿತಾತ್ಮಕ ಗೊಂದಲವೇ ಸೋಲಿಗೆ ಕಾರಣ’ ಎಂದು ವಾದಿಸುವವರ ಬಾಯಿಯನ್ನು ಇಲ್ಲೇ ಮುಚ್ಚಿಸಲಾಗಿದೆ.

3. ಆಕರಗಳ ಸ್ವರೂಪ

ಲಿಖಿತ ಆಕರವೆಂದರೆ ಸ್ಕೋರ್‌ಶೀಟು. ಅದರ ಮೂಲಪ್ರತಿ ಮಿರ್ಚಿ-ಗಿರಮಿಟ್ಟಿನ ಅಂಗಡಿಯಲ್ಲಿ ದೊರೆಯಿತು. ಎಣ್ಣೆ ಹೀರಿದ್ದರಿಂದ ಎರಡನೇ ಕ್ವಾರ್ಟರ್ ಪೂರ್ತಿ ಅಳಿಸಿಹೋಗಿದೆ. ಅಳಿಸಿದ ಭಾಗದಲ್ಲಿ ನಮ್ಮ ಹುಡುಗರು ಭರ್ಜರಿ ಆಡಿರಬೇಕೆಂದು ಒಂದು ಪಂಥ ವಾದಿಸುತ್ತದೆ. ಅಳಿಸುವುದಕ್ಕೆ ಅಲ್ಲಿ ಏನೂ ಇರಲೇ ಇಲ್ಲವೆಂದು ಇನ್ನೊಂದು ಪಂಥ. ಮೌಖಿಕ ಆಕರಗಳಲ್ಲಿ ದೈಹಿಕ ಶಿಕ್ಷಣದ ಸರ್ ಅವರದು ಪ್ರಧಾನ. ಅವರನ್ನು ಊರೆಲ್ಲ ‘ಪೀಡಿ ಸರ್’ ಎನ್ನುತ್ತದೆ. ಅವರು ಕೊಟ್ಟ ಹೇಳಿಕೆಯ ಪೂರ್ಣ ಪಾಠ: ‘ಏನ್ ಹೇಳ್ಲಿ ಸರ, ಹೊಡೀ ಅಂದ್ರ ಹೊಡ್ಯಾಂಗಿಲ್ಲ.’ ಸಂಕ್ಷೇಪವಾದರೂ ಇದರಲ್ಲಿ ಇಡೀ ಶಾಸ್ತ್ರ ಅಡಗಿದೆ ಎಂಬುದನ್ನು ಮುಂದೆ ಸಾಧಿಸಲಾಗುವುದು.

4. ಪೂರ್ವಸೂರಿಗಳು

ಚೆಂಡು ಬುಟ್ಟಿಗೆ ಬೀಳದಿರುವುದು ನಮ್ಮ ಹುಡುಗರ ಸ್ವಂತ ಆವಿಷ್ಕಾರವಲ್ಲ, ಅದಕ್ಕೊಂದು ಉಜ್ವಲ ಪರಂಪರೆಯಿದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಮೇಷ್ಟ್ರು ಹಣ್ಣಿನ ಬುಟ್ಟಿಗಳನ್ನು ಗ್ಯಾಲರಿಯ ಕಟಕಟೆಗೆ ಮೊಳೆ ಹೊಡೆದು ಕೂರಿಸಿ, 13 ನಿಯಮ ಬರೆದು, ಒಂದೊಂದು ಕಡೆ ಒಂಬತ್ತು ಜನರನ್ನು ಇಳಿಸಿ ಈ ಆಟ ಆಡಿಸಿದರು. ಆ ಮೊಟ್ಟಮೊದಲ ಪಂದ್ಯದಲ್ಲಿ ಹದಿನೆಂಟು ಜನ ಸೇರಿ ಹಾಕಿದ್ದು ಒಂದೇ ಒಂದು ಬುಟ್ಟಿ. ಆ ಲೆಕ್ಕದಲ್ಲಿ ನಮ್ಮವರು ಆಟವನ್ನು ಅದರ ಶುದ್ಧ ಮೂಲರೂಪಕ್ಕೆ ಒಯ್ಯುತ್ತಿದ್ದಾರೆ. ನೈಸ್ಮಿತ್ ಮುಂದೆ ಕಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಆಗಿ 55 ಪಂದ್ಯ ಗೆದ್ದು 60 ಸೋತರು. ಆಟ ಕಂಡುಹಿಡಿದವರಿಗೇ ಹೀಗಾದ ಮೇಲೆ, ಕಂಡವರು ಹಿಡಿದ ಆಟದಲ್ಲಿ ನಮ್ಮ ಪಾಡೇನು?

ಸೀಸನ್ನಿನ ಕೊನೆಯಲ್ಲಿ ಕೈಕೊಡುವುದಕ್ಕೂ ಪ್ರಮಾಣಗಳಿವೆ. 1979ರ ಫೆಬ್ರವರಿ 24ರಂದು ಡ್ಯೂಕ್ ತಂಡದ ಎದುರು ನಾರ್ತ್ ಕೆರೊಲಿನಾ ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸಿಕೊಂಡು ಕಾಲ ಕಳೆಯಿತು. ಅರ್ಧ ಆಟ ಮುಗಿದಾಗ 7-0. ಸೊನ್ನೆ ನಾರ್ತ್ ಕೆರೊಲಿನಾದ್ದು, ಅದರ ಕೋಚ್ ಡೀನ್ ಸ್ಮಿತ್ ಅವರಂಥ ದಿಗ್ಗಜ. 2011ರ ಏಪ್ರಿಲಿನಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್‌ಷಿಪ್ಪಿನ ಫೈನಲ್‌ಗೇ ಬಂದ ಬಟ್ಲರ್ ತಂಡ 64 ಸಲ ಎಸೆದು 12 ಸಲ ಹಾಕಿತು, 53-41ರಲ್ಲಿ ಸೋತಿತು. ಆದರೆ ಒಂದು ಸೂಕ್ಷ್ಮವನ್ನು ವಿದ್ವಾಂಸರು ಗಮನಿಸಬೇಕು: ಬಟ್ಲರ್ ಹುಡುಗರು 64 ಸಲ ಎಸೆದರು. ನಮ್ಮವರ ವಿಷಯದಲ್ಲಿ ಈ ಬಗೆಯ ಆರೋಪ ಹೊರಿಸಲು ಬರುವುದಿಲ್ಲ.

5. ಪೂರ್ವಪಕ್ಷಗಳ ಖಂಡನೆ

ಮುಧೋಳ ವಾದ: ಮುಧೋಳದ ಬೇಟೆನಾಯಿ ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಓಡುವ ತಳಿ. ಅದೇ ನೀರು ಕುಡಿದ ಹುಡುಗರೂ ಓಡುತ್ತಾರೆ, ಆದರೆ ರಿಂಗು ಮೊಲದಂತೆ ಮುಂದೆ ಓಡದೆ ನಿಂತಲ್ಲೇ ನಿಂತಿರುವುದರಿಂದ ಗಲಿಬಿಲಿಗೊಳ್ಳುತ್ತಾರೆ ಎಂಬುದು ಈ ವಾದ. ಆಗಸ್ಟಿನಲ್ಲೂ ರಿಂಗು ನಿಂತಲ್ಲೇ ಇತ್ತು. ವಾದ ಬಿತ್ತು.

ಕಬ್ಬು ವಾದ: ಇದನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಾಲೇಜು ಪಂದ್ಯಗಳು ಬಿಸಿಯೇರುವ ಹೊತ್ತಿಗೇ ಸಮೀರವಾಡಿ ಮೊದಲಾದ ಕಡೆ ಸಕ್ಕರೆ ಕಾರ್ಖಾನೆಗಳು ಚಾಲೂ ಆಗುತ್ತವೆ, ಗಾಣಗಳಲ್ಲಿ ಕೊಪ್ಪರಿಗೆ ಏರುತ್ತದೆ, ಮಹಾಲಿಂಗಪುರದ ಪೇಟೆಗೆ ಬೆಲ್ಲದ ಪೆಂಟಿಗಳು ಸಾಲುಗಟ್ಟುತ್ತವೆ. ತಂಡದ ಪಾಯಿಂಟ್ ಗಾರ್ಡ್ ಒಂದು ದಿನ ಅಭ್ಯಾಸದ ನಡುವೆ ಚೆಂಡು ಹಿಡಿದುಕೊಂಡೇ ಕಣ್ಣು ಮುಚ್ಚಿದ. ವಿಚಾರಿಸಿದರೆ, ‘ರಾತ್ರಿ ನೀರ ಹಾಸಾಕ ಹೋಗಿದ್ನಿರಿ, ತ್ರೀ ಫೇಸ್ ಕರೆಂಟ್ ಬಂದದ್ದ ಎರಡಕ್ಕ’ ಎಂದ. ಎರಡಕ್ಕೆ ಅಂದರೆ ಮಧ್ಯಾಹ್ನವಲ್ಲ.

ಎಲ್ಲರಿಗಿಂತ ಎತ್ತರದ ಸೆಂಟರ್ ಆಟಗಾರನ ಪ್ರಕರಣ ಇನ್ನೂ ಗಂಭೀರ. ಕಟಾವಿನ ಕಾಲಕ್ಕೆ ಅವನು ಅಣ್ಣನ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಹಚ್ಚಿಕೊಂಡು ಕಬ್ಬು ಹೊಡೆಯುತ್ತಾನೆ. ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಬರುವ ತನಕ, ಟ್ರ್ಯಾಕ್ಟರಿನ ಹಾಡು ಹತ್ತು ಊರಿಗೆ ಕೇಳುವಂತೆ ಹಚ್ಚಿಕೊಂಡು, ಇಡೀ ರಾತ್ರಿ ಕಾಯಬೇಕು. ಹೀಗೆ ಕಾದು ಬಂದವನು ರಿಂಗಿನ ಕೆಳಗೆ ರಿಬೌಂಡಿಗೂ ಪಾಳಿ ಹಚ್ಚಿ ನಿಂತ. ಮುಂದಿದ್ದವರೆಲ್ಲ ಹಿಡಿದ ಮೇಲೆ ತನ್ನ ಪಾಳಿ ಬಂದೀತೆಂದು ಸಾತ್ವಿಕನಾಗಿ ಕಾದ. ರಿಂಗಿನ ಮುಂದಿನ ಬಣ್ಣದ ಅಂಕಣದಲ್ಲಿ ದಾಳಿ ಮಾಡುವ ಕಡೆಯವನು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂಬುದು ನಿಯಮ. ರೆಫರಿ ಸೀಟಿ ಊದಿ ಮೂರು ಬೆರಳು ತೋರಿಸಿದಾಗ ಅವನು ಪ್ರಾಮಾಣಿಕವಾಗಿ ಬೆರಗಾದ. ಯಾರ್ಡಿನಲ್ಲಿ ರಾತ್ರಿ ಬೆಳಗು ಮಾಡಿದವನಿಗೆ ಮೂರು ಸೆಕೆಂಡನ್ನೂ ಎಣಿಸುವ ಜನ ಇದ್ದಾರೆಂಬುದು ಹೊಸ ಸುದ್ದಿ.

ಆದರೂ ಕಬ್ಬು ವಾದ ಪೂರ್ಣವಲ್ಲ. ಅದು ಕಾಲು ಸೋತದ್ದನ್ನು ವಿವರಿಸುತ್ತದೆ, ಕೈ ಹಿಂಜರಿದದ್ದನ್ನು ವಿವರಿಸುವುದಿಲ್ಲ.

6. ಸಿದ್ಧಾಂತ

ಈ ಸೀಮೆಯ ಹುಡುಗರು ಹುಟ್ಟಾ ಕಬಡ್ಡಿಯವರು. ಬಾಸ್ಕೆಟ್‌ಬಾಲ್ ಅವರಿಗೆ ಕಾಲೇಜು ಕೊಟ್ಟ ಎರಡನೇ ಆಟ. ಈ ಎರಡು ಆಟಗಳ ಧರ್ಮಸೂತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಇಲ್ಲಿಯವರೆಗೆ ಯಾರೂ ಇಲ್ಲವೆಂದು ಪ್ರಬಂಧಕಾರ ವಿನಯಪೂರ್ವಕವಾಗಿ ನಂಬುತ್ತಾನೆ.

ಮೊದಲನೆಯದು, ನಡುಗೆರೆಯ ಪ್ರಶ್ನೆ. ಕಬಡ್ಡಿಯಲ್ಲಿ ನಡುಗೆರೆ ದಾಟಿ ಹೋದವನು ಮರಳಿ ಬರಲೇಬೇಕು, ಬಾರದಿದ್ದರೆ ಔಟು. ಬಾಸ್ಕೆಟ್‌ಬಾಲಿನಲ್ಲಿ ಚೆಂಡನ್ನು ಎಂಟು ಸೆಕೆಂಡಿನೊಳಗೆ ನಡುಗೆರೆ ದಾಟಿಸಬೇಕು, ದಾಟಿಸಿದ ಮೇಲೆ ಮರಳಿ ತರಲೇಬಾರದು, ತಂದರೆ ಚೆಂಡು ಎದುರಾಳಿಗೆ. ಬಾಲ್ಯದಿಂದ ‘ಮುಟ್ಟಿ ತಿರುಗಿ ಬಾ’ ಎಂದು ಕಲಿತ ಕಾಲಿಗೆ ‘ಹೋದಲ್ಲೇ ಮುಗಿಸು’ ಎಂದರೆ ಹೇಗೆ ಒಗ್ಗಬೇಕು? ನಮ್ಮ ಫಾರ್ವರ್ಡ್ ಹುಡುಗ ರಿಂಗಿನ ತನಕ ಸೊಗಸಾಗಿ ನುಗ್ಗಿ, ಎದುರಾಳಿಯ ಮೊಣಕೈ ಸವರಿ, ಸಂತೃಪ್ತನಾಗಿ ಹಿಂದಿರುಗಿದ್ದನ್ನು ನೂರಾರು ಜನ ಕಣ್ಣಾರೆ ಕಂಡಿದ್ದಾರೆ. ಕಬಡ್ಡಿಯಾಗಿದ್ದರೆ ಅದು ಒಂದು ಪಾಯಿಂಟು.

ಇದಕ್ಕೆ ಸಾಹಿತ್ಯಿಕ ಸಮರ್ಥನೆಯೂ ಇದೆ. ಹತ್ತಿರದ ರನ್ನಬೆಳಗಲಿ ರನ್ನನ ಊರು. ಹುಟ್ಟಿದ್ದು 949ರಲ್ಲಿ ಎನ್ನುತ್ತಾರೆ. ಅವನ ‘ಗದಾಯುದ್ಧ’ದ ಹೆಗ್ಗಳಿಕೆಯೇ ಸಿಂಹಾವಲೋಕನ ಕ್ರಮ: ಕೊನೆಯ ಯುದ್ಧದಲ್ಲಿ ನಿಂತು ಹಿಂದಿನ ಭಾರತವನ್ನೆಲ್ಲ ತಿರುಗಿ ನೋಡುವುದು. ರನ್ನ ಹಿಂದೆ ನೋಡಿದರೆ ಕವಿಚಕ್ರವರ್ತಿ, ನಮ್ಮ ಹುಡುಗ ಹಿಂದೆ ನೋಡಿದರೆ ಬ್ಯಾಕ್‌ಕೋರ್ಟ್ ವಯಲೇಶನ್. ಇದು ಯಾವ ನ್ಯಾಯ ಎಂದು ಸಾಂಸ್ಕೃತಿಕ ಅಧ್ಯಯನದವರು ಕೇಳಬೇಕು.

ಎರಡನೆಯದು, ಕಾಲದ ಪ್ರಶ್ನೆ. ಕಬಡ್ಡಿಯ ಒಂದು ರೇಡಿಗೆ 30 ಸೆಕೆಂಡು. ಬಾಸ್ಕೆಟ್‌ಬಾಲಿನ ಅಂತರರಾಷ್ಟ್ರೀಯ ನಿಯಮದಲ್ಲೂ, ಚೆಂಡು ಕೈಗೆ ಬಂದ ತಂಡ ಅದನ್ನು ಬುಟ್ಟಿಗೆ ಎಸೆಯಲು, 1956ರಿಂದ 2000ದವರೆಗೆ 30 ಸೆಕೆಂಡೇ ಇತ್ತು, ಆಮೇಲೆ 24ಕ್ಕೆ ಇಳಿಯಿತು. ಈ 24 ಬಂದದ್ದು 1954ರಲ್ಲಿ ಡ್ಯಾನಿ ಬಿಯಾಸೋನ್ ಎಂಬ ಅಮೆರಿಕದ ತಂಡದ ಮಾಲೀಕರ ಲೆಕ್ಕದಿಂದ: ಚೊಕ್ಕ ಪಂದ್ಯವೊಂದರಲ್ಲಿ ಎರಡೂ ಕಡೆ ಸೇರಿ 120 ಸಲ ಎಸೆಯುತ್ತಾರೆ, ಪಂದ್ಯಕ್ಕೆ 2,880 ಸೆಕೆಂಡು, ಭಾಗಿಸಿದರೆ 24. ಅದಕ್ಕೆ ನಾಲ್ಕು ವರ್ಷ ಮೊದಲು ಅಲ್ಲಿಯ ವೃತ್ತಿಪರರ ಪಂದ್ಯವೊಂದು 19-18ಕ್ಕೆ ಮುಗಿದಿತ್ತು, ಜನ ಬೇಸತ್ತಿದ್ದರು. ಇಷ್ಟಾದರೂ ಅಮೆರಿಕದ ಕಾಲೇಜು ಹುಡುಗರಿಗೆ ಇವತ್ತಿಗೂ 30 ಸೆಕೆಂಡಿದೆ. ಚಿಮ್ಮಡದ ಹುಡುಗನಿಗೆ 24. ಅವನ ಒಳಗಿನ ಗಡಿಯಾರ ಕಬಡ್ಡಿಯದ್ದು, ಹೊರಗಿನದು ಬಿಯಾಸೋನ್‌ದು. ನಡುವೆ ಕಾಣೆಯಾದ ಆರು ಸೆಕೆಂಡೇ ಸೋಲಿನ ಬೀಜ. ಇದನ್ನು ‘ಷಟ್‌ಕ್ಷಣ ನ್ಯೂನತಾ ಸಿದ್ಧಾಂತ’ ಎಂದು ಕರೆಯಬಹುದು, ಕರೆಯಲಾಗಿದೆ.

ಸಿದ್ಧಾಂತಕ್ಕೆ ಪ್ರತ್ಯಕ್ಷ ಪ್ರಮಾಣವಿದೆ. ಮೇಜಿನ ಹಿಂದೆ ಕೂತವರು 24 ಎಣಿಸಿ ಸೀಟಿ ಊದುತ್ತಾರೆ. ಆಟ ನಿಲ್ಲುತ್ತದೆ. ಆಗ ಚೆಂಡು ಕೈಯಲ್ಲಿದ್ದವನು ‘ಹ್ಞಾಂ, ಮುಗೀತು’ ಎಂದು ಸುಮ್ಮನೆ ರಿಂಗಿನತ್ತ ತೂರುತ್ತಾನೆ. ಅದು ರಿಂಗನ್ನೂ ಸವರದೆ ಒಳಗೆ ಬೀಳುತ್ತದೆ. ಒಮ್ಮೆಯಲ್ಲ, ಪಂದ್ಯ ಪಂದ್ಯದಲ್ಲೂ ಹೀಗೇ. ಲೆಕ್ಕಕ್ಕಿರುವ ಚೆಂಡು ಹೊರಗೆ, ಲೆಕ್ಕಕ್ಕಿಲ್ಲದ ಚೆಂಡು ಒಳಗೆ.

ಇಲ್ಲಿ ಸಿದ್ಧಾಂತ ಒಂದು ತೊಡಕಿಗೆ ಸಿಲುಕುತ್ತದೆ. ಸೀಟಿಯಾದ ಮರುಕ್ಷಣವೇ ಚೆಂಡು ಬೀಳುವುದಾದರೆ ಬೇಕಾಗಿದ್ದದ್ದು ಆರು ಸೆಕೆಂಡಲ್ಲ, ಒಂದು ಸೆಕೆಂಡು. ಅಥವಾ ಕಾಲವೇ ಅಲ್ಲ. ಕಬಡ್ಡಿಯಲ್ಲಿ ಖಾಲಿ ಕೈಯಲ್ಲಿ ಮರಳಿದರೂ ಮರ್ಯಾದೆಗೆ ಕುಂದಿಲ್ಲ, ಜೀವಂತ ಬಂದೆಯಲ್ಲ ಎಂದು ಬೆನ್ನು ಚಪ್ಪರಿಸುತ್ತಾರೆ. ಬಾಸ್ಕೆಟ್‌ಬಾಲಿನಲ್ಲಿ ಎಸೆದು ತಪ್ಪಿದ್ದು ಎಲ್ಲರಿಗೂ ಕಾಣುತ್ತದೆ, ಯಾರು ತಪ್ಪಿದರೆಂಬುದೂ ಕಾಣುತ್ತದೆ. ಆಗಸ್ಟಿನಲ್ಲಿ ತಪ್ಪಿದರೆ ಯಾರೂ ಕೇಳುತ್ತಿರಲಿಲ್ಲ. ಗೆಲ್ಲುತ್ತ ಗೆಲ್ಲುತ್ತ ಊರಲ್ಲಿ ಹೆಸರಾಗಿ, ಬಸ್ಸಿನ ಕಂಡಕ್ಟರ್ ಕೂಡ ‘ಏನಪಾ, ಕಪ್ ತರತೀರಿಲ್ಲೋ’ ಎಂದು ಕೇಳತೊಡಗಿದ ಮೇಲೆ ಚೆಂಡು ಭಾರವಾಯಿತು. ಭಾರವಾದದ್ದನ್ನು ಪಕ್ಕದವನ ಕೈಗೆ ದಾಟಿಸುವುದು ಮನುಷ್ಯಧರ್ಮ. ಸರ್ಕಾರಿ ಕಚೇರಿಗಳಲ್ಲಿ ಕಡತಗಳು ಚಲಿಸುವುದೂ ಇದೇ ನಿಯಮದಿಂದ, ಅಲ್ಲಿ ಮಾತ್ರ 24 ಸೆಕೆಂಡಿನ ಸೀಟಿ ಇಲ್ಲ.

7. ನಿರ್ಣಾಯಕ ಪ್ರಕರಣ

ಸೀಸನ್ನಿನ ಕೊನೆಯ ಪಂದ್ಯ, ಮೂರನೇ ಕ್ವಾರ್ಟರ್. ಅರ್ಧ ಆಟದ ನಂತರ ತಂಡಗಳು ಬುಟ್ಟಿ ಬದಲಿಸುತ್ತವೆ. ರಾತ್ರಿಯೆಲ್ಲ ನೀರು ಹಾಸಿ ಬಂದಿದ್ದ ನಮ್ಮ ಪಾಯಿಂಟ್ ಗಾರ್ಡ್ ವಿರಾಮದಲ್ಲಿ ಗೋಡೆಗೊರಗಿ ಒಂದು ಜೊಂಪು ತೆಗೆದಿದ್ದ. ಚೆಂಡು ನಡುಗೆರೆ ದಾಟುವ ಮೊದಲೇ ಅವನ ಕೈಗೆ ಬಂತು. ಯಾರಿಗೂ ದಾಟಿಸಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ತಿರುಗಿದ, ಓಡಿದ. ಎದುರಾಳಿಗಳು ಅಡ್ಡ ಬರುವ ಬದಲು ಸೌಜನ್ಯದಿಂದ ದಾರಿ ಬಿಟ್ಟರು. ನಮ್ಮವರು ‘ಲೇ, ಲೇ, ಅದು ನಮ್ದಲೇ!’ ಎಂದು ಬೊಬ್ಬೆ ಹಾಕಿದರು. ಪೀಡಿ ಸರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ಅವನು ಎರಡು ಹೆಜ್ಜೆ ಹಾಕಿ ಎದ್ದು ಚೆಂಡನ್ನು ಬೋರ್ಡಿಗೆ ಮೆಲ್ಲಗೆ ತಾಗಿಸಿದ. ಇಡೀ ತಿಂಗಳಲ್ಲಿ ಅಷ್ಟು ಅಚ್ಚುಕಟ್ಟಾದ ಲೇಅಪ್ ಆ ತಂಡದಿಂದ ಬಂದಿರಲಿಲ್ಲ.

ನಿಯಮ ಇಲ್ಲಿ ಬಹಳ ಸೂಕ್ಷ್ಮವಾಗಿದೆ. ಸ್ವಂತ ಬುಟ್ಟಿಗೆ ಬೇಕೆಂದೇ ಹಾಕಿದರೆ ಅದು ಅಪರಾಧ, ಅಂಕ ಲೆಕ್ಕಕ್ಕಿಲ್ಲ. ಅರಿಯದೆ ಹಾಕಿದರೆ ಎರಡು ಅಂಕ, ಅದನ್ನು ಎದುರಾಳಿ ತಂಡದ ಕ್ಯಾಪ್ಟನ್ ಹೆಸರಿಗೆ ಬರೆಯಬೇಕು. ಅಂದರೆ ರೆಫರಿ ಚೆಂಡನ್ನು ನೋಡಿದರೆ ಸಾಲದು, ಹುಡುಗನ ಅಂತಃಕರಣವನ್ನೂ ನೋಡಬೇಕು. ರೆಫರಿ ಅವನ ಮುಖ ನೋಡಿದರು. ಅದರಲ್ಲಿ ಸಂತೋಷ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡು ಅಂಕ ಕೊಟ್ಟರು.

8. ಶಿಫಾರಸು

ಸ್ಕೋರ್‌ಶೀಟಿನಲ್ಲಿ ಆ ಹುಡುಗನ ಹೆಸರಿನ ಮುಂದೆ ಆ ಬುಟ್ಟಿ ಇಲ್ಲ. ಆದರೆ ತಂಡ ಎಸೆಯುವುದನ್ನೇ ಬಿಟ್ಟ ಮೇಲೆ, ಸೀಟಿ ಆಗುವ ಮುನ್ನ, ಇದು ಲೆಕ್ಕಕ್ಕಿದೆ ಎಂದು ನಂಬಿ, ಪಕ್ಕದವನಿಗೆ ದಾಟಿಸದೆ ತಾನೇ ಎಸೆದ ಏಕೈಕ ಆಟಗಾರ ಅವನು. ದಿಕ್ಕು ತಪ್ಪಿತ್ತು ಎಂಬುದು ನಿಜ. ದಿಕ್ಕನ್ನು ಪೀಡಿ ಸರ್ ಒಂದು ಮಧ್ಯಾಹ್ನದಲ್ಲಿ ಕಲಿಸಬಲ್ಲರು. ಆದ್ದರಿಂದ ಮುಂದಿನ ವರ್ಷಕ್ಕೆ ಅವನನ್ನೇ ಕ್ಯಾಪ್ಟನ್ ಮಾಡತಕ್ಕದ್ದು, ಪಂದ್ಯದ ಹಿಂದಿನ ರಾತ್ರಿ ಅವನ ಹೊಲಕ್ಕೆ ನೀರು ಹಾಸಲು ಉಳಿದ ನಾಲ್ವರೂ ಪಾಳಿಯ ಮೇಲೆ ಹೋಗತಕ್ಕದ್ದು.