ನಾಳೆ ನೀರಿಲ್ಲವಂತೆ

“ಟೀಚರೇ, ನಾಳೆ ನೀರಿಲ್ಲವಂತೆ. ಗೊತ್ತುಂಟಾ?”

ಬೆಳಿಗ್ಗೆ ಆರೂವರೆಗೆ ಪಾಗಾರದ ಆಚೆಯಿಂದ ಈ ಮಾತು ಕೇಳಿತೆಂದರೆ ನಮ್ಮ ಮನೆಯಲ್ಲಿ ಚಾದ ಪಾತ್ರೆ ಕೆಳಗಿಳಿದು ಬಾಲ್ದಿಗಳು ಸಾಲುಗಟ್ಟುತ್ತವೆ. ಹೇಳುವವರು ಪಕ್ಕದ ಮನೆಯ ಬಾಯಮ್ಮ. ನಮ್ಮಿಬ್ಬರ ನಡುವಿನ ಕೆಂಪುಕಲ್ಲಿನ ಪಾಗಾರ ಎದೆಮಟ್ಟಕ್ಕೆ ಉಂಟು. ಆಚೆ ಅವರ ಬಸಳೆ ಚಪ್ಪರ, ಈಚೆ ನಮ್ಮ ಬಾವಿಕಟ್ಟೆ. ಶಕ್ತಿನಗರದ ಮುಕ್ಕಾಲು ಸುದ್ದಿ ನನಗೆ ಬಂದದ್ದು ಆ ಪಾಗಾರದ ಮೇಲಿನಿಂದಲೇ.

“ಯಾರು ಹೇಳಿದ್ದು ಬಾಯಮ್ಮ?”

“ಮೀನಿನವ ಹೇಳಿದ. ಅವನಿಗೆ ಬಿಕರ್ನಕಟ್ಟೆಯಲ್ಲಿ ಯಾರೋ ಹೇಳಿದ್ದಂತೆ.”

ನೋಡಿ, ನಮ್ಮ ಮಂಗಳೂರಿನದು ಇಷ್ಟು ದೊಡ್ಡ ಮಹಾನಗರಪಾಲಿಕೆ. 1866ರಲ್ಲಿ ಪುರಸಭೆಯಾಗಿ ಹುಟ್ಟಿದ್ದು, 1980ರಲ್ಲಿ ಮಹಾನಗರಪಾಲಿಕೆ ಆಯಿತು, ಈಗ 60 ವಾರ್ಡು. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬುದು ಮಾತ್ರ ನಮಗೆ ತಿಳಿಯುವುದು ಬಂಗುಡೆ ಮಾರುವವರ ಬಾಯಿಯಿಂದ. ಮೀನಿನವರ ಮಾತು ಹೆಚ್ಚಾಗಿ ಸರಿಯೇ ಇರುತ್ತದೆ, ಅದು ಬೇರೆ.

ನೀರು ಎಲ್ಲಿಂದ ಬರುತ್ತದೆ ಎಂದು ಶಾಲೆಯಲ್ಲಿದ್ದಾಗ ಮಕ್ಕಳನ್ನು ಕೇಳುತ್ತಿದ್ದೆ. “ಟ್ಯಾಂಕಿಯಿಂದ” ಎನ್ನುತ್ತಿದ್ದರು. ಬರುವುದು ನೇತ್ರಾವತಿಯಿಂದ. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಉಂಟು. ಮಳೆ ನಿಂತ ಮೇಲೆ ಅದಕ್ಕೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಬೇಸಗೆಯಲ್ಲಿ ಇಡೀ ನಗರದ ಕಣ್ಣು ಅಲ್ಲಿನ ನೀರಿನ ಮಟ್ಟದ ಮೇಲೆ. ಅಲ್ಲಿಂದ ಪಂಪಿನಲ್ಲಿ ಹೊರಟ ನೀರು ಶುದ್ಧವಾಗಿ ನಮ್ಮ ಗುಡ್ಡ ಹತ್ತಬೇಕು. ನಾವಿರುವುದು ಪದವು ಗ್ರಾಮದಲ್ಲಿ. ತುಳುವಿನಲ್ಲಿ ಪದವು ಎಂದರೆ ಗುಡ್ಡದ ಮೇಲಿನ ಬಯಲು. ಹೆಸರಿನಲ್ಲೇ ಗೊತ್ತಾಗುತ್ತದೆ. ದಾರಿಯಲ್ಲಿ ಎಲ್ಲೋ ಪೈಪು ಒಡೆದು ಒತ್ತಡ ಇಳಿದರೆ ತಗ್ಗಿನ ಮನೆಗೆ ಸ್ವಲ್ಪವಾದರೂ ಬರುತ್ತದೆ, ಎತ್ತರದಲ್ಲಿರುವ ನಮ್ಮ ನಲ್ಲಿಯಲ್ಲಿ ಬರೀ ಗಾಳಿ. ಹಾಗಾಗಿ ನಮಗೆ ಒಂದು ದಿನ ಮೊದಲೇ ತಿಳಿಯಬೇಕು. ತಗ್ಗಿನವರಿಗಿಂತ ಹೆಚ್ಚು ನಮಗೆ ಬೇಕು.

ಬಾಯಮ್ಮನ ಮಗಳ ರೋಸಿನ ದಿನ ಮರೆಯಲಿಕ್ಕುಂಟಾ? ಮದುವೆಯ ಹಿಂದಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಮನೆ ತುಂಬ ನೆಂಟರು, ಅಂಗಳದಲ್ಲಿ ಶಾಮಿಯಾನ, ಹಿತ್ತಿಲಲ್ಲಿ ದೊಡ್ಡ ಹಂಡೆಯಲ್ಲಿ ಅಡುಗೆ. ಮಧ್ಯಾಹ್ನ ಎರಡಕ್ಕೆ ಟ್ಯಾಂಕಿ ಬರಿದಾಯಿತು. ರಸ್ತೆ ಅಗೆಯುವಾಗ ಯಾರೋ ಪೈಪಿಗೆ ಏಟು ಕೊಟ್ಟಿದ್ದರು, ಅದರ ದುರಸ್ತಿಗೆ ನೀರು ನಿಲ್ಲಿಸಿದ್ದರು. ಆಮೇಲೆ ಹಳೆಯ ಪೇಪರು ತೆಗೆದು ನೋಡಿದೆ. ಒಳಗಿನ ಪುಟದಲ್ಲಿ, ಜಾಹೀರಾತಿನ ಕೆಳಗೆ, ನಾಲ್ಕು ಸಾಲಿನ ಚೌಕದಲ್ಲಿ ಇತ್ತು: ‘ನೀರು ಪೂರೈಕೆಯಲ್ಲಿ ವ್ಯತ್ಯಯ’. ಮದುವೆ ಮನೆಯಲ್ಲಿ ಪೇಪರು ಬಿಡಿಸಿದವರು ಯಾರು! ಆ ದಿನ ನಮ್ಮ ಬಾವಿಯ ರಾಟೆಗೆ ಬಿಡುವೇ ಇಲ್ಲ. ಬಾಯಮ್ಮನ ತಮ್ಮಂದಿರು ಒಬ್ಬರ ಹಿಂದೆ ಒಬ್ಬರು ಸೇದಿದರು, ಹೆಂಗಸರು ಕೊಡಪಾನಗಳನ್ನು ಪಾಗಾರದ ಮೇಲಿನಿಂದ ಕೈದಾಟಿಸಿದರು. ಮದುಮಗಳ ತಲೆಯ ತೆಂಗಿನ ಹಾಲು ತೊಳೆದದ್ದು ನಮ್ಮ ಬಾವಿಯ ನೀರಿನಲ್ಲಿ. ಬಾವಿ ಇದ್ದದ್ದರಿಂದ ಆಯಿತು. ಐದು ಸೆಂಟ್ಸಿನ ಮನೆಯವರು, ಫ್ಲ್ಯಾಟಿನವರು ಏನು ಮಾಡಬೇಕು?

ಕರೆಂಟಿನ ಸುದ್ದಿಯಲ್ಲಿ ಅಷ್ಟು ಕಷ್ಟ ಇಲ್ಲ. ಕುಲಶೇಖರ ಉಪಕೇಂದ್ರದಲ್ಲಿ ಕೆಲಸ ಇದ್ದರೆ ಮೆಸ್ಕಾಂ ಪ್ರಕಟಣೆ ಬರುತ್ತದೆ, ಸಂಶಯ ಬಂದರೆ 1912ಕ್ಕೆ ಫೋನ್ ಮಾಡಿದರಾಯಿತು.

ಇನ್ನು ಕಾಗದಪತ್ರದ ಸಂಗತಿ. ಎಪ್ರಿಲ್ ಬಂತೆಂದರೆ ಬಾಯಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಮನೆತೆರಿಗೆಯ ಹಳೆಯ ರಶೀದಿ ಹಿಡಿದು ಪಾಗಾರದ ಹತ್ತಿರ ನಿಲ್ಲುತ್ತಾರೆ. ಸ್ವಯಂ ಘೋಷಿತ ತೆರಿಗೆ, ನಾವೇ ಲೆಕ್ಕ ಹಾಕಿ ತುಂಬಬೇಕು. ಎಪ್ರಿಲಿನೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ಇದು ಗೊತ್ತಿದ್ದವರಿಗೆ ಲಾಭ, ಗೊತ್ತಿಲ್ಲದವರಿಗೆ ಏನೂ ಇಲ್ಲ.

ಮರಣದ ನೋಂದಣಿ ಇದಕ್ಕಿಂತ ಕಷ್ಟದ್ದು. ನಮ್ಮ ಕೆಳಗಿನ ಓಣಿಯ ಒಬ್ಬ ಅಜ್ಜ ಮನೆಯಲ್ಲೇ ತೀರಿಹೋದರು. ಆಸ್ಪತ್ರೆಯಲ್ಲಾದರೆ ಅವರೇ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಆದದ್ದನ್ನು ಮನೆಯವರೇ 21 ದಿನದೊಳಗೆ ತಿಳಿಸಬೇಕು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ಓಡಾಟ, ದುಃಖ, ಎಲ್ಲ ಮುಗಿದು ನೆನಪಾಗುವಾಗ ನಲವತ್ತು ದಿನ ದಾಟಿತ್ತು. 30 ದಿನದೊಳಗಾದರೆ ತಡದ ಶುಲ್ಕ ಕೊಟ್ಟರೆ ಆಗುತ್ತಿತ್ತು. ಅದು ದಾಟಿದರೆ ಅಧಿಕಾರಿಯ ಲಿಖಿತ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಆ ಮನೆಯ ಸೊಸೆ ಕೂಲಿ ಬಿಟ್ಟು ಎಷ್ಟು ಸಲ ಬಸ್ಸು ಹತ್ತಿದಳೋ. ವಿಧವಾ ವೇತನಕ್ಕೆ ಅತ್ತೆಯ ಅರ್ಜಿ ಆ ಒಂದು ಕಾಗದಕ್ಕಾಗಿ ನಿಂತಿತ್ತು. ಮೂರನೆಯ ದಿನವೇ ಯಾರಾದರೂ ಒಂದು ಮಾತು ಹೇಳಿದ್ದರೆ? ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಸಾವಿನ ಮನೆಯಲ್ಲಿ ಕಾಗದದ ಮಾತು ಹೇಗೆ ಎತ್ತುವುದು ಎಂದು ಸುಮ್ಮನಾದೆ. ಈಗ ಹಾಗೆ ಮಾಡುವುದಿಲ್ಲ.

“ಮೊದಲು ಕಾರ್ಪೊರೇಟರಿಗೆ ಒಂದು ಫೋನು ಮಾಡಿದರೆ ಆಗ್ತಿತ್ತಲ್ಲ ಟೀಚರೇ,” ಎಂದು ಬಾಯಮ್ಮ ಮೊನ್ನೆ ಹೇಳಿದರು.

ಆ ಮಾತು ನಿಜ. ಪಕ್ಷ ಯಾವುದೇ ಇರಲಿ, ಕಾರ್ಪೊರೇಟರು ಎಂದರೆ ಗುರುತಿನ ಮುಖ. ದಾರಿದೀಪ ಕೆಟ್ಟರೆ, ಚರಂಡಿ ಕಟ್ಟಿದರೆ, ಕೊನೇಪಕ್ಷ ಬೈಯಲಿಕ್ಕೆ ಒಬ್ಬರು ಸಿಗುತ್ತಿದ್ದರು. 2019ರ ನವೆಂಬರಿನಲ್ಲಿ ಆರಿಸಿದ ಪರಿಷತ್ತಿನ ಅವಧಿ 2025ರ ಫೆಬ್ರವರಿ ಕೊನೆಗೆ ಮುಗಿಯಿತು, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಹೀಗಾದದ್ದು ಮೊದಲ ಸಲವೂ ಅಲ್ಲ. ಅದಕ್ಕೆ ಹಿಂದಿನ ಪರಿಷತ್ತು 2019ರ ಮಾರ್ಚಿನಲ್ಲಿ ಮುಗಿದಿತ್ತು, ಹೊಸ ಮೇಯರು ಬಂದದ್ದು 2020ರ ಫೆಬ್ರವರಿ ಕೊನೆಗೆ.

ಆ ನಡುವಿನ ತಿಂಗಳುಗಳಲ್ಲಿ ಏನೇನಾಯಿತು ನೆನಪು ಮಾಡಿ. ಆ ಬೇಸಗೆಯಲ್ಲೇ ತುಂಬೆಯ ನೀರು ಇಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟದ್ದು. ಆ ಆಗಸ್ಟಿನಲ್ಲೇ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಮಂದಾರದ ಕಡೆಗೆ ಹರಿದದ್ದು. ತೆಂಗು ಕಂಗಿನ ತೋಟ, ದೈವಸ್ಥಾನ, ಮನೆ, ಎಲ್ಲದರ ಮೇಲೆ ಇಡೀ ನಗರ ಎಸೆದ ಕಸ ಬಂದು ಕೂತಿತು. 27 ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಿ ಕುಲಶೇಖರದ ಬೈತುರ್ಲಿಯ ವಸತಿ ಸಮುಚ್ಚಯಕ್ಕೆ ತಂದರು. ನಮ್ಮಿಂದ ದೂರವೇನಲ್ಲ. ತೋಟದ ನಡುವೆ ಹುಟ್ಟಿ ಬೆಳೆದವರು ಮಹಡಿಯ ಮನೆಯಲ್ಲಿ ಕಿಟಕಿ ಹಿಡಿದು ನಿಂತದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಎರಡು ಕಷ್ಟಗಳ ಹೊತ್ತಿನಲ್ಲಿ ನಗರಕ್ಕೆ ಚುನಾಯಿತರಾದ ಒಬ್ಬ ಸದಸ್ಯರೂ ಇರಲಿಲ್ಲ. ಪರಿಷತ್ತು ಇದ್ದಿದ್ದರೆ ಗುಡ್ಡ ಜಾರುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಮಂದಾರದವರ ಮಾತನ್ನು ಸಭೆಯಲ್ಲಿ ಎದ್ದುನಿಂತು ಕೇಳುವ ಜನ ಇರುತ್ತಿದ್ದರು.

ಆ ಗುಡ್ಡದ ಸುದ್ದಿ ಕೇಳಿದ ವಾರವೇ ಬಾಯಮ್ಮ ಹಿತ್ತಿಲಲ್ಲಿ ಗುಂಡಿ ತೋಡಿಸಿದರು. ಅಂದಿನಿಂದ ಅವರ ಹಸಿ ಕಸ ಗೇಟು ದಾಟಿಲ್ಲ, ಬಸಳೆಯ ಬುಡಕ್ಕೆ ಹೋಗುತ್ತದೆ. ಒಣ ಕಸ ಮಾತ್ರ ತೊಳೆದು ಕಟ್ಟಿಟ್ಟು ಗಾಡಿಗೆ ಹಾಕುತ್ತಾರೆ.

ಮನೆಯ ಕಸಕ್ಕೆ ಗುಂಡಿ ಸಾಕು, ಊರಿನ ಕಷ್ಟ ಹೇಳಲಿಕ್ಕೆ ವಾರ್ಡ್ ಸಮಿತಿ ಎಂದು ಒಂದು ಉಂಟು. ನಮ್ಮ ಮಹಾನಗರಪಾಲಿಕೆಗಳ 1976ರ ಕಾಯಿದೆಯಲ್ಲಿ ಅದಕ್ಕೆ ಜಾಗ ಇದೆ. ವಾರ್ಡಿನ ಸದಸ್ಯರೇ ಅಧ್ಯಕ್ಷರು, ಜೊತೆಗೆ ಊರಿನ ಹತ್ತು ಜನ, ಅದರಲ್ಲಿ ಮೂವರು ಹೆಂಗಸರು. ತಿಂಗಳಿಗೊಮ್ಮೆ ಸೇರಬೇಕು. ಮಂಗಳೂರಿನಲ್ಲಿ ಅದು ರಚನೆಯಾದದ್ದು ನಾಗರಿಕರು ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ. ಇದನ್ನು ಹೇಳಿದಾಗ ಬಾಯಮ್ಮ ಬಸಳೆ ಕೊಯ್ಯುವುದನ್ನು ನಿಲ್ಲಿಸಿದರು.

“ನಮ್ಮಲ್ಲಿ ಸಭೆ ಯಾವ ದಿನ ಆಗ್ತಿತ್ತು?”

ನನಗೆ ಗೊತ್ತಿರಲಿಲ್ಲ. ಓಣಿಯಲ್ಲಿ ಏಳೆಂಟು ಮನೆಯಲ್ಲಿ ಕೇಳಿದೆ, ಅವರಿಗೂ ಗೊತ್ತಿರಲಿಲ್ಲ.

“ಕಲಾಂಗಣದ ಕಾರ್ಯಕ್ರಮ ಹೇಗೆ ಎಲ್ಲರಿಗೂ ಗೊತ್ತುಂಟು ಹಾಗಾದರೆ?” ಎಂದರು ಬಾಯಮ್ಮ. ನಮ್ಮ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯವರು ಪ್ರತೀ ತಿಂಗಳ ಮೊದಲ ಭಾನುವಾರ ಸಂಜೆ ಕೊಂಕಣಿ ಕಾರ್ಯಕ್ರಮ ಮಾಡುತ್ತಾರೆ. ವರ್ಷಗಟ್ಟಲೆಯಿಂದ ಅದೇ ದಿನ. ಆಮಂತ್ರಣ ಬಂದಿಲ್ಲ ಎಂದು ಯಾರೂ ಹೇಳುವುದಿಲ್ಲ, ದಿನ ಗೊತ್ತುಂಟು, ಹೋಗುತ್ತಾರೆ. ವಾರ್ಡಿನ ಸಭೆಗೂ ಹಾಗೆ ಒಂದು ದಿನ, ಒಂದು ಜಾಗ ಬೇಕು. ಬಸ್ ಸ್ಟ್ಯಾಂಡಿನಲ್ಲಿ ಒಂದು ಕಪ್ಪು ಹಲಗೆ ಬೇಕು. ನೀರು, ಕಸ, ತೆರಿಗೆಯ ಕೊನೆಯ ದಿನ, ಅಷ್ಟನ್ನು ಸೀಮೆಸುಣ್ಣದಲ್ಲಿ ಬರೆದರೆ ಸಾಕು. ಬರೆಯಲಿಕ್ಕೆ ಯಾರೂ ಇಲ್ಲದಿದ್ದರೆ ನಾನು ಬರೆಯುತ್ತೇನೆ. ಮೂವತ್ತು ವರ್ಷ ಹಲಗೆಯ ಮೇಲೆ ಬರೆದ ಕೈ ಇದು.

ಚುನಾವಣೆ ಬಂದಾಗ ಕೈಮುಗಿದುಕೊಂಡು ಗೇಟಿನ ಹತ್ತಿರ ಬರುವವರಿಗೆ ಬಾಯಮ್ಮ ಕೇಳಬೇಕೆಂದಿರುವ ಪ್ರಶ್ನೆ ಒಂದೇ. ನೀವೂ ನಿಮ್ಮ ಗೇಟಿನಲ್ಲಿ ಅದನ್ನೇ ಕೇಳಿ: ವಾರ್ಡ್ ಸಮಿತಿಯ ಸಭೆ ತಿಂಗಳಿಗೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ?