ಲಾಗ್ ಎಂಬ ಶಾನುಭೋಗ

ರಾತ್ರಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿಯೇ ಕಡತ ಸಾಗಿಸುವ ಕೆಲಸ ಲಿನಕ್ಸ್ ಲೋಕದಲ್ಲಿ ಹೆಚ್ಚಾಗಿ ಕ್ರಾನ್ ಮತ್ತು ಆರ್‌ಸಿಂಕ್ ಜೋಡಿಯದು. ಕ್ರಾನ್ ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತದೆ. 1996ರಲ್ಲಿ ಹುಟ್ಟಿದ ಆರ್‌ಸಿಂಕ್ ಮೂಟೆ ಹೊರುತ್ತದೆ. ನಡೆದದ್ದನ್ನು ಬರೆದಿಡುವ ಶಾನುಭೋಗನೇ ಲಾಗ್. ಬರೆದದ್ದೆಲ್ಲ ನಡೆದಿರಬೇಕೆಂಬ ನಿಯಮವೇನೂ ಇಲ್ಲ.

ಮೊದಲು ನೋಡಬೇಕಾದದ್ದು, ‘ಯಶಸ್ವಿ’ ಎಂಬ ಷರಾ ಯಾರದೆಂದು. ಎಷ್ಟೋ ಸ್ಕ್ರಿಪ್ಟುಗಳಲ್ಲಿ ಅದು ಕೊನೆಯ ಸಾಲಿನಲ್ಲಿ ಮೊದಲೇ ಬರೆದಿಟ್ಟ ಮಾತು. ಏನೇ ಆದರೂ ಅಚ್ಚಾಗುತ್ತದೆ. ನಿಜ ಹೇಳುವುದು ಆರ್‌ಸಿಂಕ್ ಮುಗಿಯುವಾಗ ಕೊಡುವ ಸಂಖ್ಯೆ: 0 ಎಂದರೆ ಕ್ಷೇಮ, 23 ಎಂದರೆ ಅರ್ಧಂಬರ್ಧ, 24 ಎಂದರೆ ಸಾಗಿಸುವಷ್ಟರಲ್ಲಿ ಕಡತವೇ ಮಾಯ. ಸೊನ್ನೆ ಬಂದರೆ ಸಂತೋಷಪಡಬೇಕಾದ ಅಪರೂಪದ ಪರೀಕ್ಷೆ ಇದು. ಆದರೆ ಆರ್‌ಸಿಂಕ್‌ನ ಮಾತನ್ನು ಪೈಪ್ ಮೂಲಕ ‘ಟೀ’ ಆಜ್ಞೆಗೆ ದಾಟಿಸಿದರೆ, ಶೆಲ್ ಸಾಮಾನ್ಯವಾಗಿ ಒಪ್ಪಿಸುವುದು ಟೀಯ ಸಂಖ್ಯೆಯನ್ನು. ಮೂಟೆ ಬಿದ್ದು ಒಡೆದಿದೆ, ಟೀ ಮಾತ್ರ ಸೊಗಸಾಗಿದೆ ಎಂಬಂಥ ವರದಿ! ಬ್ಯಾಷ್‌ನಲ್ಲಿ ಪೈಪ್‌ಫೇಲ್ ಆಯ್ಕೆ ಹಾಕಿದರೆ ಈ ಮುಚ್ಚುಮರೆ ನಿಲ್ಲುತ್ತದೆ.

ಲಾಗ್ ಖಾಲಿಯಿದ್ದರೆ ದೋಷಸಂದೇಶದ ಜಾಡು ಹಿಡಿಯಬೇಕು. ಅದು ಬೇರೆ ಕಾಲುವೆಯಲ್ಲಿ ಹರಿದು, ಯಾರೂ ತೆರೆಯದ ಅಂಚೆಪೆಟ್ಟಿಗೆ ಸೇರಿರಬಹುದು.

ಇನ್ನು ಗಡಿಯಾರ. ಕಳಿಸುವ ಯಂತ್ರ ಭಾರತೀಯ ಕಾಲದಲ್ಲಿ, ಪಡೆಯುವುದು ಯುಟಿಸಿಯಲ್ಲಿ ಇದ್ದರೆ, ನಸುಕಿನ 2ಕ್ಕೆ ಹೊರಟ ಕಡತ ಹಿಂದಿನ ರಾತ್ರಿ 8.30ಕ್ಕೇ ತಲುಪಿರುತ್ತದೆ.

ಅನುಮಾನ ಇನ್ನೂ ಉಳಿದರೆ ಎರಡೂ ಕಡೆ ಚೆಕ್‌ಸಮ್ ತೆಗೆದು ಹೋಲಿಸಬೇಕು. ಏಕೆಂದರೆ, ಯಾವ ಕಡತ ಸಾಗಿಸಬೇಕೆಂದು ತೀರ್ಮಾನಿಸಲು ಆರ್‌ಸಿಂಕ್ ತಾನಾಗಿ ನೋಡುವುದು ಗಾತ್ರ ಮತ್ತು ತಿದ್ದಿದ ಸಮಯವನ್ನಷ್ಟೆ.